ಕೊಟ್ಟ ಲಿಂಕ್ ಕೆಡದಂತೆ ನೋಡಿಕೊಳ್ಳಿ: ಸೈಟ್ ಇರುವವರಿಗೆ ರೀಡೈರೆಕ್ಟ್ ಪಾಠ

ವೆಬ್‌ಸೈಟ್ ಇಟ್ಟುಕೊಂಡ ಮೇಲೆ ಅದರ ವಿಳಾಸ ಬದಲಾಯಿಸುವ ಸಂದರ್ಭ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. 2014ರ ನವೆಂಬರ್ 1ರಂದು ನಮ್ಮೂರಿನ ಹೆಸರು ಇಂಗ್ಲಿಷ್ ಸ್ಪೆಲಿಂಗಿನಲ್ಲೂ ಮೈಸೂರು ಆಯಿತಲ್ಲ, ಡೊಮೇನಿನಲ್ಲಿ, ಅಂದರೆ ಸೈಟಿನ ಹೆಸರಿನಲ್ಲಿ, ಹಳೇ ಸ್ಪೆಲಿಂಗ್ ಇದ್ದ ಹೋಂಸ್ಟೇಗಳಿಗೆ, ಸೀರೆ ಅಂಗಡಿಗಳಿಗೆ, ಟ್ರಾವೆಲ್ಸ್‌ನವರಿಗೆ ಹೊಸ ಹೆಸರು ತಗೊಳ್ಳೋಣವೇ ಎಂಬ ಯೋಚನೆ ಬರುವುದು ಸಹಜ. ಇನ್ನು ಕೆಲವರು ಬ್ಲಾಗರ್ ಬಿಟ್ಟು ವರ್ಡ್‌ಪ್ರೆಸ್‌ಗೆ ಹೋಗುತ್ತಾರೆ. ಮಂಡ್ಯದಲ್ಲಿ ಬೆಲ್ಲ ಮಾರುವವರು ಮೊದಲು ಒಂದೇ ಪುಟದ ಸೈಟ್ ಮಾಡಿಸಿ, ವ್ಯಾಪಾರ ಕುದುರಿದ ಮೇಲೆ ಅಚ್ಚುಬೆಲ್ಲ, ಉಂಡೆಬೆಲ್ಲ, ಪುಡಿಬೆಲ್ಲಕ್ಕೆ ಬೇರೆ ಬೇರೆ ಪುಟ ಮಾಡಿಸುತ್ತಾರೆ.

ಇದೆಲ್ಲ ಆಗಬೇಕಾದ್ದೇ. ಆದರೆ ಹಳೇ ವಿಳಾಸ ಇನ್ನೂ ಜನರ ಕೈಯಲ್ಲಿರುತ್ತದೆ. ವಾಟ್ಸಾಪ್ ಗ್ರೂಪುಗಳಲ್ಲಿ ಫಾರ್ವರ್ಡ್ ಆಗಿರುತ್ತದೆ, ವಿಸಿಟಿಂಗ್ ಕಾರ್ಡಿನಲ್ಲಿ ಪ್ರಿಂಟ್ ಆಗಿರುತ್ತದೆ, ಯಾರೋ ಬರೆದ ಪ್ರವಾಸ ಲೇಖನದಲ್ಲಿ ಸೇರಿರುತ್ತದೆ. ಅದನ್ನು ಒತ್ತಿದವರಿಗೆ ‘404’ ಅಂತ ಕಂಡರೆ ಅಂಗಡಿಯೇ ಮುಚ್ಚಿಹೋಯಿತು ಅಂದುಕೊಳ್ಳುತ್ತಾರೆ. ಫೋನ್ ಮಾಡಿ ವಿಚಾರಿಸುವವರು ಕಮ್ಮಿ. ಗಿರಾಕಿಗೆ ಒಮ್ಮೆ ಕೊಟ್ಟ ಲಿಂಕ್ ಕೆಲಸ ಮಾಡುತ್ತಲೇ ಇರಬೇಕು. ಅದನ್ನು ಸೈಟ್ ಮಾಡಿಕೊಟ್ಟವರ ಮೇಲೆ ಹಾಕಿ ಕೂರುವ ಹಾಗಿಲ್ಲ, ಸೈಟಿನ ಒಡೆಯರೇ ನೋಡಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಳೇ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವ ರೀಡೈರೆಕ್ಟ್ ಇರುವುದೇ ಇದಕ್ಕೆ.

ಒಳಗೆ ನಡೆಯುವುದೇನು

ಬ್ರೌಸರ್ ಒಂದು ಪುಟ ಕೇಳಿದಾಗ ಸರ್ವರ್ ಮೊದಲು ಮೂರಂಕಿಯ ಒಂದು ಸಂಖ್ಯೆ ಹೇಳುತ್ತದೆ. 200 ಅಂದರೆ ‘ತಗೊಳ್ಳಿ ಪುಟ’. 404 ಅಂದರೆ ‘ಇಲ್ಲಿ ಅಂಥದ್ದಿಲ್ಲ’. 301, 302 ಅಂದರೆ ‘ಅದು ಬೇರೆ ಕಡೆ ಇದೆ, ಇಗೋ ವಿಳಾಸ’. ಆ ವಿಳಾಸಕ್ಕೆ ಬ್ರೌಸರ್ ತಾನೇ ಹೋಗುತ್ತದೆ. ನೋಡುವವರಿಗೆ ಗೊತ್ತೂ ಆಗುವುದಿಲ್ಲ.

ಸಯ್ಯಾಜಿರಾವ್ ರಸ್ತೆಯ ಅಂಗಡಿಯೊಂದು ಕುವೆಂಪುನಗರಕ್ಕೆ ಹೋದರೆ ಹಳೇ ಬಾಗಿಲಿಗೆ ‘ಸ್ಥಳಾಂತರಿಸಲಾಗಿದೆ’ ಅಂತ ಬೋರ್ಡ್ ಹಾಕುತ್ತಾರಲ್ಲ, ಅದು 301. ‘ರಿಪೇರಿ ಕೆಲಸ ಇದೆ, ಈ ವಾರ ಹಿಂದಿನ ಬಾಗಿಲಿನಿಂದ ಬನ್ನಿ’ ಅಂದರೆ ಅದು 302. ಒಂದು ಶಾಶ್ವತ, ಇನ್ನೊಂದು ತಾತ್ಕಾಲಿಕ.

ಈ ವ್ಯತ್ಯಾಸ ಸಣ್ಣದಲ್ಲ. 301 ನೋಡಿದರೆ ಗೂಗಲ್ ತನ್ನ ಪಟ್ಟಿಯಲ್ಲಿ ಹಳೇ ವಿಳಾಸದ ಜಾಗಕ್ಕೆ ಹೊಸದನ್ನು ತರುತ್ತದೆ. 302 ನೋಡಿದರೆ ಹಳೇದನ್ನೇ ಉಳಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ಬ್ರೌಸರ್ ಕೂಡ ಹಾಗೆಯೇ. 301ನ್ನು ಅದು ನೆನಪಿಟ್ಟುಕೊಂಡು ಮುಂದಿನ ಸಲ ಸರ್ವರನ್ನು ಕೇಳದೆಯೇ ನೇರ ಹೊಸ ಜಾಗಕ್ಕೆ ಹೋಗಬಹುದು. ಹಾಗಾಗಿ ತಪ್ಪು ವಿಳಾಸಕ್ಕೆ 301 ಹಾಕಿದರೆ, ನೀವು ಸರಿಮಾಡಿದ ಮೇಲೂ ಗಿರಾಕಿಯ ಫೋನಿನಲ್ಲಿ ತಪ್ಪು ಪುಟವೇ ತೆರೆಯುತ್ತಿರುತ್ತದೆ. ಮೊದಲು 302 ಹಾಕಿ ನೋಡಿ, ಸರಿ ಇದೆ ಅಂತ ಖಾತ್ರಿಯಾದ ಮೇಲೆ 301 ಮಾಡಿ.

ರೀಡೈರೆಕ್ಟ್ ಹಾಕಿದರೆ ಗೂಗಲ್‌ನಲ್ಲಿ ಬೆಲೆ ಕಮ್ಮಿಯಾಗುತ್ತೆ ಎಂಬ ಹಳೇ ಭಯ ಈಗ ಬೇಡ. ಇದರಿಂದ, ಲಿಂಕುಗಳನ್ನು ನೋಡಿ ಗೂಗಲ್ ಪುಟಕ್ಕೆ ಕೊಡುವ ಅಂಕವಾದ ಪೇಜ್‌ರ‍್ಯಾಂಕ್ ಸೋರುವುದಿಲ್ಲ ಎಂದು 2016ರಲ್ಲೇ ಗೂಗಲ್‌ನವರು ಹೇಳಿದ್ದಾರೆ. 307, 308 ಎಂಬ ಇನ್ನೆರಡು ಸಂಖ್ಯೆಗಳಿವೆ. ಆರ್ಡರ್ ಫಾರ್ಮ್ ತುಂಬಿ ಕಳಿಸಿದ ಮಾಹಿತಿ ದಾರಿಯಲ್ಲಿ ಕಳೆದುಹೋಗಬಾರದು ಅನ್ನುವ ಕಡೆ ಅವು ಬೇಕು. ಮಾಮೂಲಿ ಪುಟಗಳಿಗೆ 301, 302 ಸಾಕು.

ಮೊದಲು ಪಟ್ಟಿ ಮಾಡಿ

ಸೈಟಿಗೆ ಕೈ ಹಾಕುವ ಮೊದಲು ಒಂದು ಎಕ್ಸೆಲ್ ಶೀಟ್ ತೆಗೆಯಿರಿ. ಈ ಕೆಲಸಕ್ಕೆ ಒಂದು ಇಡೀ ಮಧ್ಯಾಹ್ನ ಕೊಟ್ಟರೂ ನಷ್ಟವಿಲ್ಲ. ಮೂರು ಕಾಲಂ ಸಾಕು: ಹಳೇ ವಿಳಾಸ, ಹೊಸ ವಿಳಾಸ, ಸಂಖ್ಯೆ.

ಹಳೇ ವಿಳಾಸಗಳು ಎಲ್ಲಿ ಸಿಗುತ್ತವೆ? ಮೊದಲು ಸೈಟಿನ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್ ನೋಡಿ. ಆಮೇಲೆ ನಿಮ್ಮ ಸೈಟ್ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಅಂತ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ಗೆ ಹೋಗಿ, ಪರ್ಫಾರ್ಮೆನ್ಸ್ ವಿಭಾಗದಲ್ಲಿ ‘ಪೇಜಸ್’ ಒತ್ತಿ. ಜನ ಯಾವ ಪುಟಕ್ಕೆ ಬರುತ್ತಿದ್ದಾರೆ ಅಂತ ಕಾಣುತ್ತದೆ, ಹಿಂದಿನ 16 ತಿಂಗಳ ಲೆಕ್ಕದವರೆಗೂ ಸಿಗುತ್ತದೆ. ಅಲ್ಲೇ ‘ಲಿಂಕ್ಸ್’ ವಿಭಾಗದಲ್ಲಿ ಬೇರೆ ಸೈಟುಗಳು ನಿಮ್ಮ ಯಾವ ಪುಟಕ್ಕೆ ಲಿಂಕ್ ಕೊಟ್ಟಿವೆ ಅಂತಲೂ ಇದೆ. ಇಷ್ಟು ಮಾಡಿ ನಿಲ್ಲಿಸಬೇಡಿ. ಕಂಪ್ಯೂಟರಿನ ಹೊರಗೂ ಹುಡುಕಿ. ಬಿಲ್ ಬುಕ್ಕು, ಕೈಚೀಲ, ಪ್ಯಾಕೆಟ್ಟಿನ ಲೇಬಲ್, ಗೂಗಲ್ ಮ್ಯಾಪಿನ ಅಂಗಡಿ ಪ್ರೊಫೈಲ್, ಇನ್‌ಸ್ಟಾಗ್ರಾಂ ಬಯೋ, ಆಟೋ ಹಿಂದೆ ಅಂಟಿಸಿದ ಜಾಹೀರಾತು. ಪ್ರಿಂಟ್ ಆದದ್ದನ್ನು ವಾಪಸ್ ತರಲಾಗುವುದಿಲ್ಲ. ಹಾಗಾಗಿ ಅವುಗಳಿಗೇ ಮೊದಲ ಆದ್ಯತೆ.

ಬೆಲ್ಲದ ಸೈಟಿನ ಉದಾಹರಣೆಯನ್ನೇ ತಗೊಳ್ಳೋಣ. ಹಳೇ ‘ಅಚ್ಚುಬೆಲ್ಲ 1 ಕೆಜಿ’ ಪುಟ ಹೊಸ ‘ಅಚ್ಚುಬೆಲ್ಲ’ ಪುಟಕ್ಕೆ, 301. ‘ಸಂಕ್ರಾಂತಿ 2022 ಎಳ್ಳುಬೆಲ್ಲ ಆಫರ್’ ಪುಟ ಹೊಸ ‘ಸಂಕ್ರಾಂತಿ’ ಪುಟಕ್ಕೆ, 301. ಉಂಡೆಬೆಲ್ಲ ಈ ತಿಂಗಳು ಸ್ಟಾಕ್ ಇಲ್ಲ, ಮುಂದಿನ ತಿಂಗಳು ಬರುತ್ತದೆ. ಅದಕ್ಕೆ ರೀಡೈರೆಕ್ಟೇ ಬೇಡ, ಪುಟ ಹಾಗೇ ಇರಲಿ, ‘ಸ್ಟಾಕ್ ಇಲ್ಲ’ ಅಂತ ಬರೆಯಿರಿ. ಬಾಟಲಿ ಕಬ್ಬಿನ ಹಾಲು ಮಾರುವುದನ್ನು ಪೂರ್ತಿ ನಿಲ್ಲಿಸಿದ್ದೀರಿ, ಅದರ ಬದಲಿಗೆ ತೋರಿಸಲು ಏನೂ ಇಲ್ಲ ಅಂದರೆ 410 ಕೊಡಿ. ‘ಇದು ಇತ್ತು, ಈಗ ತೆಗೆದಿದ್ದೇವೆ’ ಎಂದು ಅದರ ಅರ್ಥ.

ಬಹಳ ಜನ ಇಲ್ಲೊಂದು ಅಡ್ಡದಾರಿ ಹಿಡಿಯುತ್ತಾರೆ. ಹಳೇ ಪುಟಗಳನ್ನೆಲ್ಲ ಸಾರಾಸಗಟಾಗಿ ಹೋಂಪೇಜಿಗೆ ತಿರುಗಿಸಿಬಿಡುತ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ. ಪುಡಿಬೆಲ್ಲದ ರೇಟ್ ನೋಡಲು ಬಂದವರು ಹೋಂಪೇಜಿನಲ್ಲಿ ನಿಂತು ಏನು ಮಾಡಬೇಕು? ಗೂಗಲ್ ಕೂಡ ಇಂಥದ್ದನ್ನು ‘ಸಾಫ್ಟ್ 404’ ಎಂದು ಪರಿಗಣಿಸಬಹುದು, ಅಂದರೆ ಪುಟವೇ ಇಲ್ಲ ಅಂತ ಲೆಕ್ಕ. ಒಂದೊಂದು ಹಳೇ ಪುಟಕ್ಕೂ ಅದಕ್ಕೆ ಹತ್ತಿರದ ಹೊಸ ಪುಟವನ್ನೇ ಹುಡುಕಿ.

ಇನ್ನೊಂದು ಮಾತು. ರೀಡೈರೆಕ್ಟೇ ಬೇಡದಂತೆ ಮಾಡಲು ಸಾಧ್ಯವಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಬ್ಲಾಗರ್‌ನಲ್ಲಿ ಸ್ವಂತ ಡೊಮೇನ್ ಇಟ್ಟುಕೊಂಡವರು ವರ್ಡ್‌ಪ್ರೆಸ್‌ಗೆ ಬಂದಾಗ ಪರ್ಮಾಲಿಂಕ್ (ಬರಹದ ವಿಳಾಸದ) ಸೆಟ್ಟಿಂಗಿನಲ್ಲಿ ವರ್ಷ, ತಿಂಗಳು, ಬರಹದ ಹೆಸರು, ಕೊನೆಗೆ ಡಾಟ್ ಎಚ್‌ಟಿಎಂಎಲ್ ಎಂಬ ಹಳೇ ಕ್ರಮವನ್ನೇ ಕೊಡಬಹುದು. ಬರಹದ ಹೆಸರೂ ಹಳೇದೇ ಇದ್ದರೆ ಬರಹಗಳ ವಿಳಾಸ ಬದಲಾಗುವುದೇ ಇಲ್ಲ.

ಒಂದೇ ಬಾಗಿಲು ಇರಲಿ

ನಿಮ್ಮ ಸೈಟಿಗೆ ನಾಲ್ಕು ವಿಳಾಸ ಇರುತ್ತವೆ: ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್, ಎರಡರಲ್ಲೂ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವುದು, ಇಲ್ಲದಿರುವುದು. ನಾಲ್ಕೂ ಟೈಪ್ ಮಾಡಿ ನೋಡಿ. ಎಲ್ಲವೂ ಕೊನೆಗೆ ಒಂದೇ ವಿಳಾಸಕ್ಕೆ ಬರಬೇಕು, ಅದು ಸುರಕ್ಷಿತ ಸಂಪರ್ಕದ ಎಚ್‌ಟಿಟಿಪಿಎಸ್ ಆಗಿರಬೇಕು. 2018ರ ಜುಲೈನಿಂದ ಕ್ರೋಮ್ ಬ್ರೌಸರ್ ಎಚ್‌ಟಿಟಿಪಿ ಸೈಟುಗಳಿಗೆಲ್ಲ ‘ನಾಟ್ ಸೆಕ್ಯೂರ್’ ಅಂತ ತೋರಿಸುತ್ತಿದೆ. ಹಣ ಕಟ್ಟಲು ಬಂದವರು ಅದನ್ನು ನೋಡಿದರೆ ಹಿಂದೆ ಸರಿಯುತ್ತಾರೆ.

ಊರಿನ ಹೆಸರಿನ ಎರಡೂ ಸ್ಪೆಲಿಂಗಿನ ಡೊಮೇನ್ ಸಿಗುವಂತಿದ್ದರೆ ಎರಡನ್ನೂ ತಗೊಳ್ಳಿ. ಒಂದರಲ್ಲಿ ಸೈಟ್ ನಡೆಸಿ, ಇನ್ನೊಂದನ್ನು 301 ಮಾಡಿ. ಅಮೆರಿಕದಲ್ಲಿರುವ ನಿಮ್ಮ ಗಿರಾಕಿ ಹಳೇ ಸ್ಪೆಲಿಂಗನ್ನೇ ಟೈಪ್ ಮಾಡುತ್ತಿರಬಹುದು.

ಹಾಕುವುದು ಎಲ್ಲಿ

ವರ್ಡ್‌ಪ್ರೆಸ್‌ನಲ್ಲಿ ‘ರೀಡೈರೆಕ್ಷನ್’ ಎಂಬ ಹೆಸರಿನದೇ ಉಚಿತ ಪ್ಲಗಿನ್ ಇದೆ. ಹಳೇ ವಿಳಾಸ, ಹೊಸ ವಿಳಾಸ ತುಂಬಿ ಸೇವ್ ಮಾಡಿದರೆ ಮುಗಿಯಿತು. ಒಂದು ವಿಷಯ ಗಮನಿಸಿ. ಪ್ರಕಟವಾದ ‘ಪೋಸ್ಟ್’ನ ವಿಳಾಸ ಬದಲಾಯಿಸಿದರೆ ವರ್ಡ್‌ಪ್ರೆಸ್ ತಾನಾಗಿಯೇ ರೀಡೈರೆಕ್ಟ್ ಮಾಡುತ್ತದೆ. ಆದರೆ ‘ಪೇಜ್’ಗಳಿಗೆ ಈ ವ್ಯವಸ್ಥೆಯನ್ನು ನಂಬಬೇಡಿ. ‘ನಮ್ಮ ಬಗ್ಗೆ’, ‘ಬುಕಿಂಗ್’ ಥರದವು ಬಹಳಷ್ಟು ಸಲ ಪೇಜ್‌ಗಳೇ. ಅವಕ್ಕೆ ನೀವೇ ಹಾಕಬೇಕು.

ಬ್ಲಾಗರ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ‘ಕಸ್ಟಮ್ ರೀಡೈರೆಕ್ಟ್ಸ್’ ಇದೆ. ಒಂದೇ ಬ್ಲಾಗಿನ ಒಳಗಿನ ಪುಟಗಳಿಗೆ ಮಾತ್ರ ಅದು ನಡೆಯುತ್ತದೆ, ‘ಪರ್ಮನೆಂಟ್’ ಆನ್ ಮಾಡಲು ಮರೆಯಬೇಡಿ. ಶಾಪಿಫೈನಲ್ಲಿ ‘ಯುಆರ್‌ಎಲ್ ರೀಡೈರೆಕ್ಟ್ಸ್’ ಅಂತ ಹುಡುಕಿದರೆ ಸಿಗುತ್ತದೆ. ಸಿಪ್ಯಾನೆಲ್ ಇರುವ ಹೋಸ್ಟಿಂಗ್ ಆದರೆ ‘ಡೊಮೇನ್ಸ್’ ವಿಭಾಗದಲ್ಲೇ ‘ರೀಡೈರೆಕ್ಟ್ಸ್’ ಇದೆ. ಅಪಾಚೆ ಸರ್ವರಿನ ಎಚ್‌ಟಿಆ್ಯಕ್ಸೆಸ್ ಫೈಲಿನಲ್ಲಿ ನೇರವಾಗಿ ಬರೆಯುವವರು ಮೊದಲು ಅದರ ಒಂದು ಕಾಪಿ ತೆಗೆದಿಟ್ಟುಕೊಳ್ಳಿ. ಅಲ್ಲಿ ಒಂದು ಅಕ್ಷರ ತಪ್ಪಿದರೂ ಇಡೀ ಸೈಟ್ ‘500’ ಅಂತ ನಿಂತುಬಿಡಬಹುದು.

ಕನ್ನಡದಲ್ಲಿ ವಿಳಾಸ ಇದ್ದರೆ

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬರಹದ ಹೆಸರು ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ನೋಡಲು ಚೆಂದ. ಆದರೆ ಒಳಗೆ ಅದು ಕನ್ನಡವಾಗಿ ಓಡಾಡುವುದಿಲ್ಲ. ‘ಮೈಸೂರು’ ಎಂಬುದು ಕಂಪ್ಯೂಟರಿಗೆ ಮ, ಐತ್ವ, ಸ, ಊಕಾರದ ಕೊಂಬು, ರ, ಉಕಾರದ ಕೊಂಬು, ಹೀಗೆ ಆರು ಗುರುತು. ಒಂದೊಂದು ಗುರುತಿಗೂ 3 ಬೈಟ್. ಒಂದೊಂದು ಬೈಟೂ ವಿಳಾಸದಲ್ಲಿ ಪರ್ಸೆಂಟ್ ಚಿಹ್ನೆ ಸೇರಿ 3 ಅಕ್ಷರ. ಅಲ್ಲಿಗೆ ‘ಮೈಸೂರು’ ಒಂದೇ ಪದಕ್ಕೆ 54 ಅಕ್ಷರ! ಐದಾರು ಪದದ ತಲೆಬರಹದ ಲಿಂಕನ್ನು ವಾಟ್ಸಾಪ್‌ನಲ್ಲಿ ಕಳಿಸಿ ನೋಡಿ, ಪರದೆ ತುಂಬ ಪರ್ಸೆಂಟ್ ಚಿಹ್ನೆಗಳೇ ಬರಬಹುದು.

ಹೊಸ ಪುಟಗಳಿಗೆ ಚಿಕ್ಕ ಇಂಗ್ಲಿಷ್ ಅಕ್ಷರಗಳ ವಿಳಾಸ ಕೊಡಿ ಎಂಬುದು ನನ್ನ ಸಲಹೆ. ಬರಹ ಕನ್ನಡದಲ್ಲೇ ಇರಲಿ, ತಲೆಬರಹವೂ ಕನ್ನಡದಲ್ಲೇ ಇರಲಿ. ಆದರೆ ಈಗಾಗಲೇ ಕನ್ನಡ ವಿಳಾಸದಲ್ಲಿ ಜನ ಬರುತ್ತಿದ್ದರೆ ಸುಮ್ನೆ ಬದಲಾಯಿಸಬೇಡಿ. ಬದಲಾಯಿಸಲೇಬೇಕಾದರೆ ಹಳೇ ವಿಳಾಸವನ್ನು ಕೈಯಿಂದ ಟೈಪ್ ಮಾಡದೆ ಬ್ರೌಸರಿನಿಂದಲೇ ಕಾಪಿ ಮಾಡಿ. ಕಾರಣ ಇದೆ. ‘ಕೊ’ ಅಕ್ಷರದ ಒತ್ವವನ್ನು ಒಂದೇ ಗುರುತಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಕೊಂಬು ಅಂತ ಎರಡು ಗುರುತಾಗಿಯೂ ಬರೆಯಬಹುದು. ‘ವರ್ಡ್‌ಪ್ರೆಸ್’ ಥರದ ಪದದ ಮಧ್ಯೆ ಒತ್ತಕ್ಷರ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಗುರುತೂ ಇರುತ್ತದೆ. ಕಣ್ಣಿಗೆ ಎಲ್ಲ ಒಂದೇ. ಸರ್ವರಿಗೆ ಅವು ಬೇರೆ ಬೇರೆ ವಿಳಾಸ. ರೀಡೈರೆಕ್ಟ್ ಹಾಕಿದ್ದೇನೆ, ಆದರೂ 404 ಬರುತ್ತಿದೆ ಎಂದು ತಲೆ ಕೆಡಿಸಿಕೊಂಡವರು ಇದನ್ನೊಮ್ಮೆ ನೋಡಿ.

ಪ್ರಚಾರಕ್ಕೆ ಬಳಸುವ ದಾರಿ

ಇಲ್ಲಿವರೆಗೆ ಹೇಳಿದ್ದು ಕೆಟ್ಟದ್ದನ್ನು ತಪ್ಪಿಸುವ ಕೆಲಸ. ವ್ಯಾಪಾರ ಬೆಳೆಸುವ ಕೆಲಸವೂ ರೀಡೈರೆಕ್ಟಿನಿಂದ ಆಗುತ್ತದೆ.

ಬೆಲ್ಲದ ಪ್ಯಾಕೆಟ್ಟಿನ ಕ್ಯೂಆರ್ ಕೋಡನ್ನೇ ನೋಡಿ. ಲೇಬಲ್ ಸಾವಿರಗಟ್ಟಲೆ ಪ್ರಿಂಟ್ ಆಗುತ್ತದೆ, ಕೊಂಡವರ ಅಡುಗೆಮನೆಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಅದರಲ್ಲಿ ಉದ್ದದ ವಿಳಾಸ ಹಾಕಬೇಡಿ. ನಿಮ್ಮ ಸ್ವಂತ ಡೊಮೇನ್, ಒಂದು ಸ್ಲ್ಯಾಷ್, ಒಂದು ಚಿಕ್ಕ ಪದ. ಇಷ್ಟೇ ಇರಲಿ. ವಿಳಾಸ ಚಿಕ್ಕದಾದಷ್ಟೂ ಕ್ಯೂಆರ್‌ನಲ್ಲಿ ಚೌಕಗಳು ಕಮ್ಮಿ, ಅವು ದೊಡ್ಡದಾಗಿ ಬೀಳುತ್ತವೆ, ಸುಕ್ಕಾದ ಪ್ಲಾಸ್ಟಿಕ್ ಮೇಲೂ ಬೇಗ ಸ್ಕ್ಯಾನ್ ಆಗುತ್ತದೆ. ಆ ಚಿಕ್ಕ ವಿಳಾಸದಿಂದ ಎಲ್ಲಿಗೆ ಹೋಗಬೇಕು ಎಂಬುದನ್ನು 302 ಹಾಕಿ ನೀವು ನಿರ್ಧರಿಸಿ. ಜನವರಿಯಲ್ಲಿ ಸಂಕ್ರಾಂತಿ ಪುಟಕ್ಕೆ, ಆಮೇಲೆ ಮರು ಆರ್ಡರ್ ಪುಟಕ್ಕೆ. ಲೇಬಲ್ ಬದಲಾಗುವುದಿಲ್ಲ, ಗುರಿ ಬದಲಾಗುತ್ತದೆ. ಇಲ್ಲಿ 301 ಬೇಡವೇ ಬೇಡ. ಮೇಲೆ ಹೇಳಿದಂತೆ ಫೋನ್ ಹಳೇ ಗುರಿಯನ್ನೇ ನೆನಪಿಟ್ಟುಕೊಂಡರೆ ಕಷ್ಟ.

ಬೇರೆ ಬೇರೆ ಕಡೆಗೆ ಬೇರೆ ಬೇರೆ ಚಿಕ್ಕ ವಿಳಾಸ ಕೊಡಿ. ಪ್ಯಾಕೆಟ್ಟಿಗೆ ಒಂದು, ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನದ ಮಳಿಗೆಗೆ ಇನ್ನೊಂದು, ಪೇಪರಿನ ಜೊತೆ ಹಂಚುವ ಕರಪತ್ರಕ್ಕೆ ಮತ್ತೊಂದು. ಪ್ರತಿಯೊಂದರ ಗುರಿ ವಿಳಾಸದ ಕೊನೆಗೆ ಯುಟಿಎಂ ಗುರುತು ಸೇರಿಸಿ. ಮೂಲ ಯಾವುದು, ಮಾಧ್ಯಮ ಯಾವುದು, ಪ್ರಚಾರದ ಹೆಸರೇನು ಎಂಬ ಮೂರು ಗುರುತು ಸಾಕು. ಮಳಿಗೆಯಿಂದ ಎಷ್ಟು ಜನ ಬಂದರು, ಕರಪತ್ರದಿಂದ ಎಷ್ಟು ಜನ ಬಂದರು ಎಂಬುದು ಗೂಗಲ್ ಅನಾಲಿಟಿಕ್ಸ್‌ನಲ್ಲಿ ಬೇರೆ ಬೇರೆಯಾಗಿ ಕಾಣುತ್ತದೆ. ಮುಂದಿನ ವರ್ಷ ದುಡ್ಡು ಎಲ್ಲಿ ಹಾಕಬೇಕು ಅಂತ ಊಹೆ ಮಾಡಬೇಕಿಲ್ಲ. ಚಿಕ್ಕ ವಿಳಾಸವನ್ನು ಕ್ಯಾಪಿಟಲ್ ಅಕ್ಷರದಲ್ಲಿ ಟೈಪ್ ಮಾಡಿದರೂ ನಡೆಯುತ್ತದೆಯೇ ನೋಡಿ. ಬಹಳಷ್ಟು ಸರ್ವರುಗಳಿಗೆ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆ.

ಉಚಿತ ಶಾರ್ಟ್ ಲಿಂಕ್ ಸೇವೆಗಳು ಇವೆಯಲ್ಲ ಅಂತೀರಾ? ಗೂಗಲ್‌ನದೇ ಕಥೆ ಕೇಳಿ. 2009ರಲ್ಲಿ ಅವರು ಶಾರ್ಟ್ ಲಿಂಕ್ ಸೇವೆ ಶುರುಮಾಡಿದರು. 2019ರಲ್ಲಿ ಹೊಸ ಲಿಂಕ್ ಮಾಡುವುದನ್ನು ನಿಲ್ಲಿಸಿದರು. 2025ರ ಆಗಸ್ಟ್ 25ರ ನಂತರ ಹಳೇ ಲಿಂಕುಗಳೂ ಓಡುವುದಿಲ್ಲ ಎಂದರು. ಕೊನೇ ಗಳಿಗೆಯಲ್ಲಿ, ಬಳಕೆಯಲ್ಲಿರುವುದನ್ನು ಉಳಿಸಿ, ಬಳಕೆಯಿಲ್ಲದ್ದನ್ನು ಮಾತ್ರ ನಿಲ್ಲಿಸುತ್ತೇವೆ ಎಂದು ಬದಲಾಯಿಸಿದರು. ಅಷ್ಟು ದೊಡ್ಡ ಕಂಪನಿಯ ಲಿಂಕಿಗೇ ಹೀಗಾದರೆ, ಉಚಿತ ಕ್ಯೂಆರ್ ಸೈಟನ್ನು ನಂಬಿ ಲೇಬಲ್ ಪ್ರಿಂಟ್ ಹಾಕಿಸುವುದು ಹೇಗೆ? ಲಿಂಕ್ ನಿಮ್ಮ ಡೊಮೇನಿನದಾಗಿದ್ದರೆ ಕೀಲಿ ನಿಮ್ಮ ಕೈಯಲ್ಲೇ.

ಹೋಂಸ್ಟೇಯವರಿಗೆ ಒಂದು ಮಾತು. ದಸರಾ ದಿನಾಂಕ ಪ್ರತಿವರ್ಷ ಬದಲಾಗುತ್ತದೆ ಅಂತ ವರ್ಷಕ್ಕೊಂದು ಹೊಸ ಪುಟ ಮಾಡಬೇಡಿ. ವರ್ಷದ ಸಂಖ್ಯೆ ಇಲ್ಲದ ಒಂದೇ ‘ದಸರಾ’ ಪುಟ ಇಟ್ಟುಕೊಳ್ಳಿ, ಒಳಗಿನ ದಿನಾಂಕ, ಬಾಡಿಗೆ ಮಾತ್ರ ಬದಲಾಯಿಸಿ. ಈಗಾಗಲೇ ವರ್ಷವಾರು ಪುಟಗಳಿದ್ದರೆ ಎಲ್ಲವನ್ನೂ ಅದಕ್ಕೆ 301 ಮಾಡಿ. ಇಷ್ಟು ವರ್ಷ ಬೇರೆಯವರು ಕೊಟ್ಟ ಲಿಂಕುಗಳ ಬಲವೆಲ್ಲ ಒಂದೇ ಪುಟಕ್ಕೆ ಸೇರುತ್ತದೆ.

ಕಮಿಷನ್ ಬರುವ ಅಫಿಲಿಯೇಟ್ ಲಿಂಕನ್ನು ಚಿಕ್ಕ ವಿಳಾಸದ ಹಿಂದೆ ಇಡುವುದು ತಪ್ಪಲ್ಲ. ಆದರೆ ಅದು ಜಾಹೀರಾತು ಅಂತ ಓದುಗರಿಗೆ ಸ್ಪಷ್ಟವಾಗಿ ಹೇಳಿ, ಲಿಂಕಿಗೆ ‘ಸ್ಪಾನ್ಸರ್ಡ್’ ಗುರುತೂ ಇರಲಿ. ಗೂಗಲ್‌ಗೆ ಒಂದು ಪುಟ, ಜನರಿಗೆ ಇನ್ನೊಂದು ಪುಟ ತೋರಿಸುವ ರೀಡೈರೆಕ್ಟ್ ಮಾತ್ರ ಎಂದಿಗೂ ಬೇಡ. ಅದು ಗೂಗಲ್ ನಿಯಮದಲ್ಲಿ ನೇರ ಸ್ಪ್ಯಾಮ್, ಸೈಟನ್ನೇ ಪಟ್ಟಿಯಿಂದ ತೆಗೆಯಬಹುದು.

ಡೊಮೇನನ್ನೇ ಬದಲಾಯಿಸುವಾಗ

ಹೊಸ ಡೊಮೇನ್ ಸಿದ್ಧವಾದ ಮೇಲೆ, ಹಳೇದರ ಪ್ರತಿ ಪುಟದಿಂದ ಹೊಸದರ ಅದೇ ಪುಟಕ್ಕೆ 301 ಹಾಕಿ. ಆಮೇಲೆ ಸರ್ಚ್ ಕನ್ಸೋಲ್‌ನ ಸೆಟ್ಟಿಂಗಿನಲ್ಲಿ ‘ಚೇಂಜ್ ಆಫ್ ಅಡ್ರೆಸ್’ ಕೊಡಿ. ಎರಡೂ ಡೊಮೇನ್ ಒಂದೇ ಖಾತೆಯಲ್ಲಿ ದೃಢೀಕರಿಸಿರಬೇಕು. ರೀಡೈರೆಕ್ಟನ್ನು ಕನಿಷ್ಠ ಒಂದು ವರ್ಷ ಇಡಿ ಎಂದು ಗೂಗಲ್ ಹೇಳುತ್ತದೆ. ನಾನು ಹೇಳುವುದು, ವ್ಯಾಪಾರ ಇರುವವರೆಗೂ ಇಡಿ.

ಯಾಕೆಂದರೆ ಹಳೇ ಡೊಮೇನ್ ನವೀಕರಿಸದೆ ಬಿಟ್ಟರೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ನಿಮ್ಮ ಹಳೇ ವಿಸಿಟಿಂಗ್ ಕಾರ್ಡ್ ನೋಡಿ ಬಂದವರು ಜೂಜಿನ ಪುಟದಲ್ಲಿ ಹೋಗಿ ಬೀಳಬಹುದು. ಅದಕ್ಕಿಂತ ಅಪಾಯದ್ದು ಇಮೇಲ್. ರೀಡೈರೆಕ್ಟ್ ವೆಬ್ ಪುಟಗಳಿಗೆ ಮಾತ್ರ, ಇಮೇಲ್ ಅದರ ಜೊತೆ ಹೋಗುವುದಿಲ್ಲ. ಹಳೇ ಡೊಮೇನಿನ ಇಮೇಲನ್ನೇ ಬ್ಯಾಂಕಿಗೋ ಜಿಎಸ್‌ಟಿ ಖಾತೆಗೋ ಕೊಟ್ಟಿದ್ದರೆ, ಡೊಮೇನ್ ಕೊಂಡವರಿಗೆ ನಿಮ್ಮ ಪಾಸ್‌ವರ್ಡ್ ಬದಲಾಯಿಸುವ ಮೇಲ್‌ಗಳು ಹೋಗುವ ಸಾಧ್ಯತೆ ಇದೆ. ಡೊಮೇನ್ ಯಾರ ಹೆಸರಿನಲ್ಲಿದೆ ಅಂತಲೂ ಇವತ್ತೇ ನೋಡಿ. ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಿದ್ದರೆ ನಿಮ್ಮ ಹೆಸರಿಗೆ ಮಾಡಿಸಿಕೊಂಡು, ಆಟೋ ರಿನ್ಯೂವಲ್ ಹಾಕಿ.

ಹಾಕಿದ ಮೇಲೆ ನೋಡಬೇಕಾದ್ದು

ಫೋನಿನಲ್ಲಿ ಇನ್‌ಕಾಗ್ನಿಟೋ (ಹಳೇದನ್ನು ನೆನಪಿಟ್ಟುಕೊಳ್ಳದ ಬ್ರೌಸರ್ ಕಿಟಕಿ) ತೆರೆದು ಶೀಟಿನಲ್ಲಿರುವ ಹಳೇ ವಿಳಾಸಗಳನ್ನು ಒಂದೊಂದಾಗಿ ಒತ್ತಿ. ಸರಿಯಾದ ಪುಟ ಬಂತಾ, ಯುಟಿಎಂ ಗುರುತು ಕೊನೆಯವರೆಗೂ ಉಳಿಯಿತಾ ನೋಡಿ. ನೂರಾರು ಪುಟ ಇದ್ದರೆ ಸ್ಕ್ರೀಮಿಂಗ್ ಫ್ರಾಗ್ ಎಂಬ ತಂತ್ರಾಂಶ ಬಳಸಿ, 500 ವಿಳಾಸದವರೆಗೆ ಉಚಿತ.

ಸರಪಳಿ ಆಗದಂತೆ ನೋಡಿಕೊಳ್ಳಿ. 2019ರ ವಿಳಾಸ 2021ರದ್ದಕ್ಕೆ, ಅದು 2024ರದ್ದಕ್ಕೆ, ಅದು ಈಗಿನದ್ದಕ್ಕೆ ಅಂತ ಜಿಗಿಸಿದರೆ ಶ್ರೀರಂಗಪಟ್ಟಣದ ಆಚೆ ಹಳ್ಳಿಯಲ್ಲಿ ಸಿಗ್ನಲ್ ಕಮ್ಮಿ ಇರುವ ಫೋನಿನಲ್ಲಿ ಪುಟ ತೆರೆಯಲು ಬಹಳ ಹೊತ್ತು ಬೇಕು. ಗೂಗಲ್‌ನ ಬಾಟ್ ಕೂಡ 10 ಜಿಗಿತದ ಮೇಲೆ ಬಿಟ್ಟುಬಿಡುತ್ತದೆ. ಎಲ್ಲ ಹಳೇ ವಿಳಾಸಗಳನ್ನೂ ನೇರವಾಗಿ ಈಗಿನದ್ದಕ್ಕೇ ಕಟ್ಟಿ. ನಿಮ್ಮದೇ ಮೆನುವಿನಲ್ಲಿ, ಬರಹಗಳಲ್ಲಿ ಹಳೇ ಲಿಂಕ್ ಇದ್ದರೆ ಅದನ್ನೂ ತಿದ್ದಿ.

‘ಟೂ ಮೆನಿ ರೀಡೈರೆಕ್ಟ್ಸ್’ ಅಂತ ಬಂದರೆ ಎರಡು ವಿಳಾಸಗಳು ಒಂದನ್ನೊಂದು ತೋರಿಸುತ್ತಿವೆ ಎಂದರ್ಥ. ಸೈಟಿಗೂ ನೋಡುವವರಿಗೂ ಮಧ್ಯೆ ನಿಲ್ಲುವ ಕ್ಲೌಡ್‌ಫ್ಲೇರ್ ಸೇವೆ ಬಳಸುವವರಲ್ಲಿ ಇದು ಜಾಸ್ತಿ. ಅಲ್ಲಿ ಎಸ್‌ಎಸ್‌ಎಲ್ ಆಯ್ಕೆ ‘ಫ್ಲೆಕ್ಸಿಬಲ್’ ಇದ್ದು, ಸರ್ವರಿನಲ್ಲೂ ಎಚ್‌ಟಿಟಿಪಿಎಸ್ ರೀಡೈರೆಕ್ಟ್ ಇದ್ದರೆ ಸುತ್ತು ಬೀಳುತ್ತದೆ. ಸರ್ವರಿನಲ್ಲಿ ಸರ್ಟಿಫಿಕೇಟ್ ಹಾಕಿಸಿ, ಆಯ್ಕೆಯನ್ನು ‘ಫುಲ್ ಸ್ಟ್ರಿಕ್ಟ್’ ಮಾಡಿ.

ನೀವು ಹಾಕದ ರೀಡೈರೆಕ್ಟ್ ಇದೆಯೇ ಅಂತಲೂ ಆಗಾಗ ನೋಡಿ. ಸೈಟಿಗೆ ನುಗ್ಗಿದ ಕಳ್ಳರು ಬಹಳಷ್ಟು ಸಲ ಗೂಗಲ್‌ನಿಂದ ಮೊಬೈಲ್‌ನಲ್ಲಿ ಬಂದವರನ್ನು ಮಾತ್ರ ಬೇರೆ ಕಡೆ ತಿರುಗಿಸುತ್ತಾರೆ. ವಿಳಾಸ ಟೈಪ್ ಮಾಡಿ ಬರುವ ನಿಮಗೆ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಫೋನಿನಲ್ಲಿ ಗೂಗಲ್ ತೆರೆದು, ನಿಮ್ಮ ಅಂಗಡಿ ಹೆಸರು ಹುಡುಕಿ, ಅಲ್ಲಿಂದಲೇ ಒತ್ತಿ ಒಳಗೆ ಹೋಗಿ. ಅದೇ ಹೊತ್ತಿಗೆ ರೀಡೈರೆಕ್ಷನ್ ಪ್ಲಗಿನ್‌ನ 404 ಪಟ್ಟಿಯನ್ನೂ ತೆಗೆಯಿರಿ. ಒಂದೇ ವಿಳಾಸ ಮತ್ತೆ ಮತ್ತೆ ಕಾಣುತ್ತಿದ್ದರೆ ಆ ಲಿಂಕ್ ಇನ್ನೂ ಯಾರದೋ ಕೈಯಲ್ಲಿದೆ. ಅದನ್ನು ಶೀಟಿಗೆ ಸೇರಿಸಿ, ಎಲ್ಲಿಗೆ ಹೋಗಬೇಕು ಅಂತ ಬರೆದು, ಅವತ್ತೇ ರೀಡೈರೆಕ್ಟ್ ಹಾಕಿ.